ಮಲೆನಾಡಿನಲ್ಲಿ ಸ್ಪೋರ್ಟ್ಸ್ ಕಾರು ಸಾಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಬಿ.ಎಚ್. ರಸ್ತೆ ಸಿಗ್ನಲ್ಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ, ಅಡಿಕೆ ಮಂಡಿಯಲ್ಲಿ. ನನ್ನ ಕಾರು ನೋಡಿದವರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಹೇಳಿ ಹೇಳಿ ಬಾಯಿ ಸೋತಿದೆ, ಅದಕ್ಕೇ ಬರೆದಿಟ್ಟಿದ್ದೇನೆ. ನನ್ನದು ಎರಡು ಸೀಟಿನ, ಬಟ್ಟೆ ಟಾಪಿನ, ಸೀಟಿನ ಬೆನ್ನಿಗೇ ಇಂಜಿನ್ ಇರುವ ಜರ್ಮನ್ ಕಾರು. ನಾನು ಮೆಕ್ಯಾನಿಕ್ ಅಲ್ಲ, ಬ್ರೋಕರ್ ಅಲ್ಲ. ತೀರ್ಥಹಳ್ಳಿ ಕಡೆ ಒಂದಿಷ್ಟು ತೋಟ ಇದೆ, ಜೊತೆಗೆ ಈ ಹುಚ್ಚು.

ಲೀಟರಿಗೆ ಎಷ್ಟು ಕೊಡುತ್ತೆ?

ಊರೊಳಗೆ 6. ಹೈವೇಯಲ್ಲಿ ಕಾಲು ಹಗುರ ಇಟ್ಟರೆ 10. ಮುಂದಿನ ಪ್ರಶ್ನೆ.

ಓಡಿಸೋಕೆ ಕಷ್ಟದ ಕಾರು ಅಂತೀರಲ್ಲ, ಎಲ್ಲ ಕಾರಿಗೂ ಅದೇ ಸ್ಟೀರಿಂಗ್, ಅದೇ ಮೂರು ಪೆಡಲ್ ಅಲ್ವಾ?

ಪೆಡಲ್ ಮೂರೇ. ಆದರೆ ನೀವು ತಪ್ಪು ಮಾಡಿದಾಗ ನಡುವೆ ಬಂದು ಸರಿಮಾಡುವವರು ಇರುವುದಿಲ್ಲ. ಈಗಿನ ಕಾರುಗಳಲ್ಲಿ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡಿಕೊಳ್ಳುವ ಎಬಿಎಸ್ ಇದೆ, ಬಹಳಷ್ಟರಲ್ಲಿ ಜಾರುವುದನ್ನು ತಡೆಯುವ ಇಎಸ್‌ಪಿಯೂ ಇದೆ. ಕಾರು ಜಾರಲು ಶುರುವಾದರೆ ಕಂಪ್ಯೂಟರೇ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ಎಷ್ಟೋ ಸಲ ನಿಮಗೆ ಗೊತ್ತೇ ಆಗುವುದಿಲ್ಲ. ನಾವೆಲ್ಲ ಒಳ್ಳೇ ಡ್ರೈವರ್ ಅಂದುಕೊಂಡಿರುವುದರ ಅರ್ಧ ಗುಟ್ಟು ಅಲ್ಲಿದೆ.

1975ರಲ್ಲಿ ಬಂದ ಪೋರ್ಷೆ 911 ಟರ್ಬೊ ನೋಡಿ. 3 ಲೀಟರ್ ಇಂಜಿನ್, 260 ಅಶ್ವಶಕ್ತಿ, ನಾಲ್ಕೇ ಗೇರು. ಇಂಜಿನ್ ಇರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಆಕ್ಸಲರೇಟರ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎಚ್ಚರಾಗಬೇಕು. ಎಚ್ಚರಾದ ಮೇಲೆ ಶಕ್ತಿಯೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಅಷ್ಟೊತ್ತಿಗೆ ನೀವು ತಿರುವಿನ ಮಧ್ಯದಲ್ಲಿರುತ್ತೀರಿ. ಡ್ರೈವರನ ಹೆಂಡತಿಯನ್ನು ವಿಧವೆ ಮಾಡುವ ಕಾರು ಅಂತ ಅದಕ್ಕೆ ಅಡ್ಡಹೆಸರು ಬಂದಿದ್ದು ಹಾಗೆ. 1987ರ ಫೆರಾರಿ ಎಫ್40ಗೆ ಎಬಿಎಸ್ಸೂ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ. 1992ರ ಡಾಡ್ಜ್ ವೈಪರ್‌ಗೆ 8 ಲೀಟರಿನ, ಹತ್ತು ಸಿಲಿಂಡರಿನ ವಿ10 ಇಂಜಿನ್, 400 ಅಶ್ವಶಕ್ತಿ. ಅದಕ್ಕೂ ಎಬಿಎಸ್ ಇರಲಿಲ್ಲ. ಪೋರ್ಷೆ ಕ್ಯಾರೆರಾ ಜಿಟಿ 2003ರ ನಂತರದ ಕಾರು, 612 ಅಶ್ವಶಕ್ತಿ. ಅದರಲ್ಲೂ ಇಎಸ್‌ಪಿ ಇಲ್ಲ.

ಇಂಥವು ನಮ್ಮ ಕಡೆ ಕಣ್ಣಿಗೆ ಬೀಳುವುದು ಅಪರೂಪ ಬಿಡಿ. ಆದರೆ 2010ರ ಹೊತ್ತಿಗೆ ಇಲ್ಲಿನ ಶೋರೂಮಿನಲ್ಲೇ ಮಾರಿದ ಲ್ಯಾನ್ಸರ್ ಇವೊ, ನಿಸಾನ್ 370ಜಡ್ ಥರದ ಕಾರು ಈಗ ಸೆಕೆಂಡ್ ಹ್ಯಾಂಡ್ ಬರುತ್ತಿವೆ. ಜೋರಿನ ವಿಷಯದಲ್ಲಿ ಅವೇನೂ ಕಮ್ಮಿ ಇಲ್ಲ.

ತಿರುವಿನಲ್ಲಿ ಹಿಂಭಾಗ ಜಾರುವುದು ಯಾಕೆ? ನಾನು ನಿಧಾನವಾಗೇ ಹೋಗುತ್ತೇನೆ.

ನಾನೂ ನಿಧಾನವಾಗೇ ಹೋಗುತ್ತಿದ್ದೆ. ಸ್ನೇಹಿತರೊಬ್ಬರ ಹಳೇ ಕಾರು, ಇಂಜಿನ್ ಹಿಂದೆ, ಇಎಸ್‌ಪಿ ಇಲ್ಲ. ಅಕ್ಟೋಬರ್ ತಿಂಗಳು, ಆಗುಂಬೆ ಘಾಟಿ ಇಳಿಯುತ್ತಿದ್ದೆವು. ಮಳೆ ಅಂತ ಹೇಳುವಷ್ಟೂ ಇರಲಿಲ್ಲ, ಮರದಿಂದ ತೊಟ್ಟಿಕ್ಕುತ್ತಿತ್ತು ಅಷ್ಟೇ. ರಸ್ತೆ ಮೇಲೆ ಒದ್ದೆ ಎಲೆ, ಅಂಚಿನಲ್ಲಿ ಪಾಚಿ. ಹೇರ್‌ಪಿನ್‌ಗೆ ಕಾರು ತಿರುಗಿಸಿದ್ದೇ ಕೆಳಗಿನಿಂದ ಮಿನಿ ಬಸ್ಸಿನ ಮೂತಿ ಕಂಡಿತು. ಹೆದರಿ ಆಕ್ಸಲರೇಟರ್‌ನಿಂದ ಕಾಲು ಕಿತ್ತೆ. ಸ್ಪೀಡು 40 ಕೂಡ ಇರಲಿಲ್ಲ. ಕಾರಿನ ಹಿಂಭಾಗ ಸುಮ್ನೆ, ಸದ್ದೇ ಇಲ್ಲದೆ, ಹೊರಗೆ ಹೋಯಿತು. ನಿಂತಾಗ ನಮ್ಮ ಮೂತಿ ಬಂದ ದಾರಿಯ ಕಡೆ ಇತ್ತು. ಬಸ್ಸಿಗೂ ನಮಗೂ ನಡುವೆ ಒಂದು ಮೊಳ ಜಾಗ.

ಬಸ್ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ್ದು ಇಷ್ಟೇ: "ಏನ್ ಸಾರ್, ಕಾರ್ ಹೊಸ್ದಾ, ನೀವ್ ಹೊಸಬ್ರಾ?"

ಘಾಟಿಯ ಬುಡದ ಸೋಮೇಶ್ವರದಲ್ಲಿ ಟೀ ಲೋಟ ಹಿಡಿಯಲು ನನಗೆ ಎರಡೂ ಕೈ ಬೇಕಾಯಿತು.

ಆಗಿದ್ದು ಇಷ್ಟು. ಓಡುವ ಕಾರಿನಲ್ಲಿ ಕಾಲು ಎತ್ತಿದ ಕೂಡಲೇ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರಾಗಿ ಹಿಡಿತ ಬಿಡುತ್ತದೆ. ಲೂನಾ ಕ್ಯಾರಿಯರ್ ಮೇಲೆ ಹಿಂಡಿ ಮೂಟೆ ಕಟ್ಟಿಕೊಂಡು ತಿರುವಿನಲ್ಲಿ ಬ್ರೇಕ್ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಟೆ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಇಂಜಿನ್ ಮಧ್ಯದಲ್ಲಿರುವ ಕಾರಿನಲ್ಲಿ ಜಾರುವುದು ತಡವಾಗಿ ಶುರುವಾಗುತ್ತದೆ, ಆದರೆ ಶುರುವಾದ ಮೇಲೆ ಗಿರಕಿ ಬೇಗ.

ಹಾಗಾಗಿ ಬ್ರೇಕು, ಗೇರು ಎಲ್ಲ ತಿರುವಿಗೆ ಮುಂಚೆ, ಸ್ಟೀರಿಂಗ್ ನೇರ ಇರುವಾಗಲೇ ಮುಗಿಯಬೇಕು. ತಿರುವಿನೊಳಗೆ ಕಾಲು ಹಗುರವಾಗಿ, ಅಲುಗಾಡದೆ ಆಕ್ಸಲರೇಟರ್ ಮೇಲಿರಲಿ. ಎತ್ತಲೇಬೇಕಾದರೆ ಮೆಲ್ಲಗೆ ಎತ್ತಿ. ಸ್ಟೀರಿಂಗ್ ನೇರಕ್ಕೆ ಬರಲು ಶುರುವಾದ ಮೇಲೆ ಒತ್ತಿ. ಮುಂದೆ ಕಾಣುವಷ್ಟು ಜಾಗದ ಅರ್ಧದಲ್ಲಿ ನಿಲ್ಲಿಸಲು ಆಗದಿದ್ದರೆ, ನೀವು ಹೋಗುತ್ತಿರುವುದು ಜಾಸ್ತಿ ಸ್ಪೀಡು, ಮುಳ್ಳು ಎಷ್ಟೇ ತೋರಿಸಲಿ.

ಇಎಸ್‌ಪಿ ಆಫ್ ಮಾಡಿ ಓಡಿಸಿದರೇ ಮಜಾ ಅಂತಾರಲ್ಲ?

ರೇಸ್ ಟ್ರ್ಯಾಕ್‌ನಲ್ಲಿ ಆಫ್ ಮಾಡಿ. ಘಾಟಿಯಲ್ಲಿ ಆ ಬಟನ್ ಇದೆ ಅನ್ನೋದನ್ನೇ ಮರೆತುಬಿಡಿ.

ಟೈರಿನಲ್ಲಿ ಗುಂಡಿ (ಮೇಲಿನ ಅಚ್ಚು) ಚೆನ್ನಾಗಿದೆ. ಬದಲಾಯಿಸಬೇಕಾ?

ಆಗುಂಬೆಯಲ್ಲಿ ತಿರುಗಿದ ಆ ಕಾರಿನ ಟೈರ್ ನೋಡಲು ಹೊಸದರ ಹಾಗೇ ಇತ್ತು. ಟೀ ಕುಡಿದು ಬಂದು, ಕೂತು, ಬದಿಯ ಅಕ್ಷರ ಓದಿದೆವು. ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನಮ್ಮದಕ್ಕೆ ಎಂಟು ವರ್ಷ ಆಗಿತ್ತು. ರಬ್ಬರು ಉಗುರಿಗೆ ಕಲ್ಲಿನ ಹಾಗೆ ಸಿಕ್ಕಿತು.

ಸಂಗ್ರಹದ ಕಾರುಗಳ ದೊಡ್ಡ ರೋಗವೇ ಇದು. ಓಡುವುದು ಕಮ್ಮಿ, ಹಾಗಾಗಿ ಟೈರ್ ಸವೆಯುವುದಿಲ್ಲ, ಸುಮ್ನೆ ಮುದಿಯಾಗುತ್ತದೆ. 2013ರ ನವೆಂಬರಿನಲ್ಲಿ ನಟ ಪಾಲ್ ವಾಕರ್ ಸತ್ತದ್ದು ಕ್ಯಾರೆರಾ ಜಿಟಿಯಲ್ಲಿ. ಓಡಿಸುತ್ತಿದ್ದವರು ಅವರ ಗೆಳೆಯರು, ಅವರೂ ಉಳಿಯಲಿಲ್ಲ. 45 ಮೈಲಿ ಮಿತಿಯ ರಸ್ತೆಯಲ್ಲಿ ಗಂಟೆಗೆ 80ರಿಂದ 93 ಮೈಲಿ ವೇಗ ಇತ್ತು ಅಂತ ತನಿಖೆಯಲ್ಲಿ ಬಂತು. ಅದರ ಜೊತೆಗೇ ಬಂದ ಇನ್ನೊಂದು ಮಾತು: ಟೈರುಗಳಿಗೆ ಒಂಬತ್ತು ವರ್ಷ ಆಗಿತ್ತು.

ನಾನು ಐದು ವರ್ಷಕ್ಕೆ ಬದಲಾಯಿಸುತ್ತೇನೆ, ಗುಂಡಿ ಎಷ್ಟೇ ಇರಲಿ. ಕಾನೂನಿನ ಪ್ರಕಾರ ಗುಂಡಿಯ ಆಳ 1.6 ಮಿ.ಮೀ. ಇದ್ದರೆ ಸಾಕು. ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಬೀಳುವ ಆಗುಂಬೆಯ ಕಡೆಯವರಿಗೆ ಅದು ಸಾಲದು, 3 ಉಳಿದಾಗಲೇ ತೆಗೆಯಿರಿ. ಟೈರ್ ಅಗಲ ಇದ್ದಷ್ಟೂ ನೀರಿನ ಮೇಲೆ ಬೇಗ ತೇಲುತ್ತದೆ. ರೇಸಿಗೆ ಹತ್ತಿರದ ಮೆತ್ತನೆ ಟೈರು ಬಿಸಿಯಾಗದೆ ಹಿಡಿಯುವುದಿಲ್ಲ. ನಮ್ಮ ಜುಲೈನಲ್ಲಿ ಅದು ಬಿಸಿಯಾಗುವುದು ಕನಸು. ಇನ್ನೊಂದು, ಇಂಥ ಬಹಳ ಕಾರಿಗೆ ಸ್ಟೆಪ್ನಿ ಇರುವುದಿಲ್ಲ, ಪಂಚರ್ ಕಿಟ್ ಮಾತ್ರ. ಸೈಡ್‌ವಾಲ್ ಹರಿದರೆ ಅದೂ ಉಪಯೋಗವಿಲ್ಲ.

ಮಳೆಗಾಲದಲ್ಲಿ ಏನು ಮಾಡುತ್ತೀರಿ?

ನಿಲ್ಲಿಸಿಡುತ್ತೇನೆ. ನಿಜ ಹೇಳಬೇಕೆಂದರೆ ಓಡಿಸುವುದಕ್ಕಿಂತ ನಿಲ್ಲಿಸಿಡುವುದೇ ದೊಡ್ಡ ಕೆಲಸ.

ಹಳೇ ದನದ ಕೊಟ್ಟಿಗೆಯೇ ನನ್ನ ಗ್ಯಾರೇಜು. ಜಂಬಿಟ್ಟಿಗೆ ಗೋಡೆ, ಮೇಲೆ ಹೆಂಚು. ಮೊದಲ ವರ್ಷ ನೀರು ತಾಗಬಾರದು ಅಂತ ಪ್ಲಾಸ್ಟಿಕ್ ಕವರ್ ಬಿಗಿದು ಕಟ್ಟಿದೆ. ಆಶ್ಲೇಷ ಮಳೆ ಮುಗಿದ ಮೇಲೆ ತೆಗೆದು ನೋಡಿದರೆ ಸೀಟು, ಸ್ಟೀರಿಂಗ್, ಬೆಲ್ಟು, ಎಲ್ಲದರ ಮೇಲೂ ಬೂಷ್ಟು. ಹಸಿರು ಮಖಮಲ್ಲು ಹೊದಿಸಿದ ಹಾಗೆ. ಈಗ ಗಾಳಿಯಾಡುವ ಬಟ್ಟೆ ಕವರ್, ಒಳಗೆ ತೇವ ಎಳೆಯುವ ಮೆಷಿನ್. ಕರೆಂಟ್ ಇದ್ದ ದಿನ ಅದರ ಡಬ್ಬಿಯಿಂದ ನೀರು ಚೆಲ್ಲುವುದೇ ಒಂದು ಕೆಲಸ.

ಎರಡನೇ ಪಾಠ ದುಬಾರಿಯದು. ಬಟ್ಟೆ ಟಾಪಿನ ಕಾರಿಗೆ ಟಾಪ್ ಮಡಚುವ ಜಾಗದ ಮೂಲೆಗಳಲ್ಲಿ ನೀರು ಹೋಗಲು ತೂತು ಇರುತ್ತದೆ. ಹಲಸಿನ ಮರದ ಕೆಳಗೆ ಒಂದು ವಾರ ನಿಲ್ಲಿಸಿದ್ದೆ. ಎಲೆಚೂರು ಸೇರಿ ತೂತು ಮುಚ್ಚಿತು. ನೀರು ದಾರಿ ಸಿಗದೆ ಒಳಗೆ ಬಂದು ಕಾರ್ಪೆಟ್ ಕೆಳಗೆ ನಿಂತಿತು. ಸೀಟಿನ ಅಡಿಯಲ್ಲೇ ಅಲಾರ್ಮಿನ ಕಂಟ್ರೋಲ್ ಪೆಟ್ಟಿಗೆ. ಬೆಳಿಗ್ಗೆ ಕೀ ಹಾಕಿದರೆ ಕಾರಿಗೆ ನನ್ನ ಗುರುತೇ ಇಲ್ಲ. ಆ ಪುಟ್ಟ ಪೆಟ್ಟಿಗೆಯ ಬಿಲ್ಲಿನಲ್ಲಿ ಒಂದು ಒಳ್ಳೇ ಜರ್ಸಿ ಹಸು ಬರುತ್ತಿತ್ತು. ಈಗ ಪ್ರತಿ ಮೇ ತಿಂಗಳು ಆ ತೂತಿಗೆ ನೈಲಾನ್ ದಾರ ತೂರಿಸಿ ನೋಡುತ್ತೇನೆ.

ಉಳಿದದ್ದು ಬೇಗ ಹೇಳುತ್ತೇನೆ. ಬ್ಯಾಟರಿಗೆ ನಿಧಾನ ಚಾರ್ಜರ್ ಹಾಕಿಡಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ, ತೇವಕ್ಕೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕಲ್ಲು ಕೊಡಿ. ಟೈರಿಗೆ ಸ್ವಲ್ಪ ಜಾಸ್ತಿ ಗಾಳಿ. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ನಾನು ವರ್ಷಕ್ಕೇ ಮಾಡಿಸುತ್ತೇನೆ. ಇಲಿ ವೈರು ಕಡಿಯುತ್ತದೆ. ಗಾಳಿಕಿಂಡಿಗೆಲ್ಲ ಸಣ್ಣ ಜಾಲರಿ ಹೊಡೆಸಿ. ಅಡಿಕೆ ಬೇಯಿಸುವ ದಿನ ಕಾರನ್ನು ಅಂಗಳದಲ್ಲಿ ಬಿಡಬೇಡಿ. ಆ ಕೆಂಪು ರಸ, ಚೊಗರು, ಸಿಡಿದರೆ ಬಿಳಿ ಬಣ್ಣ ಮತ್ತೆ ಬಿಳಿಯಾಗುವುದಿಲ್ಲ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕಲ್ವಾ?

ಅದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಇಂಜಿನ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಐದು ನಿಮಿಷಕ್ಕೆ ಆಯಿಲ್ ಬಿಸಿಯಾಗುವುದಿಲ್ಲ, ಆ ನೀರು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಹೊರಬಿಟ್ಟು ಅರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ಮುಟ್ಟಲೇಬೇಡಿ. ಕೂಲಂಟ್ ಮುಳ್ಳು ಮೇಲೆ ಬಂದರೂ ಆಯಿಲ್ ಇನ್ನೂ ತಣ್ಣಗಿರುತ್ತದೆ, ಅದು ಬಿಸಿಯಾಗುವವರೆಗೆ ಆರ್‌ಪಿಎಂ ಏರಿಸಬೇಡಿ.

ಇ20 ಪೆಟ್ರೋಲ್ ಹಾಕಬಹುದಾ?

ಈಗ ಬಂಕುಗಳಲ್ಲಿ ಸಿಗುವುದೇ ಹೆಚ್ಚಾಗಿ ಅದು, 20 ಭಾಗ ಎಥನಾಲ್. ಹಳೇ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಎಥನಾಲ್ ಕೆಡಿಸುತ್ತದೆ. ಜೊತೆಗೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥನಾಲೂ ನೀರೂ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತವೆ. ಪೈಪುಗಳನ್ನು ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಾಯಿಸಿಕೊಳ್ಳಿ, ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಇಟ್ಟುಕೊಂಡು ಕೂರಬೇಡಿ. ಇಂಜಿನ್ ಎಷ್ಟು ಆಕ್ಟೇನ್ ಕೇಳುತ್ತದೆ ಅನ್ನುವುದು ಬೇರೆ ವಿಷಯ, ಅದು ಪೆಟ್ರೋಲ್ ಮುಚ್ಚಳದ ಒಳಗೆ ಬರೆದಿರುತ್ತದೆ.

ಕೊಳ್ಳುವಾಗ ಮೊದಲು ಏನು ನೋಡಬೇಕು?

ಕಾರನ್ನಲ್ಲ, ಫೈಲನ್ನು. ತೆಳ್ಳಗಿನ ಫೈಲಿನ ಹೊಳೆಯುವ ಕಾರಿಗಿಂತ ದಪ್ಪ ಫೈಲಿನ ಮಾಸಿದ ಕಾರು ವಾಸಿ. ಪ್ರತಿ ಸರ್ವಿಸಿನ ಬಿಲ್ಲು, ಕಿ.ಮೀ. ಜೊತೆಗೆ. ಬಿಲ್ಲಿನ ಕಿ.ಮೀ. ಮೇಲಕ್ಕೇ ಹೋಗುತ್ತಿದೆಯಾ ನೋಡಿ, ಮಧ್ಯೆ ಎಲ್ಲೋ ಇಳಿದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಆಮೇಲೆ ಚಾಸಿ ನಂಬರು, ಇಂಜಿನ್ ನಂಬರು ಆರ್‌ಸಿಯ ಜೊತೆ ಹೋಲಿಸಿ. ಪೇಂಟಿನ ದಪ್ಪ ಅಳೆಯುವ ಮೀಟರ್ ಸಿಗುತ್ತದೆ. ಒಂದು ಬಾಗಿಲಿನ ಅಂಕಿ ಮಿಕ್ಕವಕ್ಕಿಂತ ಎರಡರಷ್ಟಿದ್ದರೆ ಅಲ್ಲಿ ಏನೋ ಆಗಿದೆ. ಪೋರ್ಷೆ ಥರದ ಕಾರಿನ ಕಂಪ್ಯೂಟರಿನಲ್ಲಿ ಇಂಜಿನ್ ಮಿತಿ ಮೀರಿ ತಿರುಗಿದ್ದರೆ ಅದರ ದಾಖಲೆ ಇರುತ್ತದೆ, ಕೇಳಿ ತೆಗೆಸಿ. 996 ಮತ್ತು ಮೊದಲ 997 ಮಾದರಿಯ 911ಗಳಲ್ಲಿ ಐಎಂಎಸ್ ಬೇರಿಂಗ್ ಅನ್ನೋ ಒಂದು ಸಣ್ಣ ಭಾಗ ಕೆಟ್ಟು ಇಡೀ ಇಂಜಿನ್ ಹೋದ ಉದಾಹರಣೆಗಳಿವೆ. ಅದರ ಬಗ್ಗೆ ಮಾರುವವರನ್ನು ಕೇಳಿದಾಗ ಅವರ ಮುಖ ನೋಡಿ.

ಈ ಕಾರನ್ನು ಗೊತ್ತಿರುವ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಕರೆದುಕೊಂಡು ಹೋಗಿ. ನಮ್ಮೂರ ಹುಡುಗರು ಜಾಣರೇ, ಆದರೆ ಇದಕ್ಕೆ ಬೇಕಾದ ಸ್ಕ್ಯಾನರ್ ಬೇರೆ. ಬೆಂಗಳೂರಿಗೋ ಮಂಗಳೂರಿಗೋ ಹೋಗಲೇಬೇಕು. ಕೆಟ್ಟರೆ ಅಷ್ಟು ದೂರ ಕಾರನ್ನು ಹೊತ್ತುಕೊಂಡೇ ಹೋಗಬೇಕು, ಎಳೆದುಕೊಂಡು ಹೋಗುವ ಹಾಗಿಲ್ಲ. ಆ ಲಾರಿ ಬಾಡಿಗೆಯೂ ಲೆಕ್ಕದಲ್ಲಿರಲಿ.

ಅರ್ಧ ಬೆಲೆಗೆ ಸಿಗುತ್ತಿದೆ. ತಗೊಳ್ಳಲಾ?

ಯಾಕೆ ಅರ್ಧ ಬೆಲೆ ಅಂತ ಕೇಳಿ.

ದೆಹಲಿ ಕಾರಾದರೆ ಅಲ್ಲಿನ ನಿಯಮದಿಂದಾಗಿ ಅಗ್ಗ ಇರಬಹುದು. ಹಳೇ ಪೆಟ್ರೋಲ್ ಕಾರಿಗೆ ಅಲ್ಲಿ 15 ವರ್ಷ, ಡೀಸೆಲ್‌ಗೆ 10 ಅನ್ನುವ ಗಡಿ ಬಂದ ಮೇಲೆ ಎಷ್ಟೋ ಕಾರು ದಕ್ಷಿಣಕ್ಕೆ ಬಂದವು. ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ) ಕೈಗೆ ಬರುವ ಮುಂಚೆ ದುಡ್ಡು ಕೊಡಬೇಡಿ. ಹೊರ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ ನಮ್ಮ ಶಿವಮೊಗ್ಗದ ಕೆಎ-14 ನಂಬರು ಮಾಡಿಸಲೇಬೇಕು. 20 ಲಕ್ಷದ ಮೇಲಿನ ಕಾರಿಗೆ ತೆರಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್. ಕಾರು ಹಳೆಯದಾದಷ್ಟು ಕಮ್ಮಿಯಾಗುತ್ತದೆ. ಕಮ್ಮಿ ತೆರಿಗೆಯ ಪುದುಚೇರಿ ನಂಬರಿನ ಆಸೆ ತೋರಿಸುವವರ ಹತ್ತಿರ ಇದನ್ನು ಹೇಳಿ ನೋಡಿ, ಮಾತು ಬದಲಾಯಿಸುತ್ತಾರೆ.

ಹೊರದೇಶದಿಂದ ಬಂದ ಕಾರಾದರೆ ಕಸ್ಟಮ್ಸ್ ಕಟ್ಟಿದ ಬಿಲ್ ಆಫ್ ಎಂಟ್ರಿ ಬೇಕೇ ಬೇಕು. ಕಾರ್ನೆ (ಸುಂಕ ಕಟ್ಟದೆ ಸ್ವಲ್ಪ ಕಾಲಕ್ಕೆ ಮಾತ್ರ ತರಲು ಬಿಡುವ ಪತ್ರ) ಮೇಲೆ ಬಂದ ಕಾರು ವಾಪಸ್ ಹೋಗಬೇಕಾದ ಕಾರು, ಅದನ್ನು ಮಾರುವ ಹಾಗೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ಆಪರೇಷನ್ ನುಮ್‌ಖೋರ್ ಅಂತ ಭೂತಾನ್ ದಾರಿಯಲ್ಲಿ ಬಂದ ಕಾರುಗಳಿಗೆ ಬಲೆ ಬೀಸಿದ್ದು ಓದಿರಬಹುದು. ನೀವು ದುಡ್ಡು ಕೊಟ್ಟು ಕೊಂಡಿದ್ದರೂ ಅವರು ಹಿಡಿಯುವುದು ಕಾರನ್ನು.

ಮಾರುವಾಗ?

ನಾನು ಮಾಡಿದ್ದನ್ನು ಮಾಡಬೇಡಿ. ನನ್ನ ಹಿಂದಿನ ಕಾರನ್ನು ಕೊಂಡವರು ಬಹಳ ಮರ್ಯಾದಸ್ಥರು, ಮಜ್ಜಿಗೆ ಕುಡಿದು, ದುಡ್ಡು ಎಣಿಸಿ ಕೊಟ್ಟು, "ಹೆಸರು ಬದಲಾಯಿಸೋದು ನಾನೇ ಮಾಡಿಸ್ಕೋತೀನಿ ಬಿಡಿ" ಅಂದರು. ನಾನೂ ಬಿಟ್ಟೆ. ಹತ್ತು ತಿಂಗಳಾದ ಮೇಲೆ ಇನ್ನೊಂದು ಜಿಲ್ಲೆಯಿಂದ ಅಪಘಾತದ ನೋಟಿಸ್ ಬಂತು, ನನ್ನ ಹೆಸರಿಗೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಎರಡು ವರ್ಷ ಓಡಾಡಿದೆ.

ಹೆಸರು ಬದಲಾವಣೆಯ ಫಾರಂ 29, 30 ಎರಡಕ್ಕೂ ಅವತ್ತೇ ಸಹಿ ಮಾಡಿ, ಮಾರಿದ್ದನ್ನು ನೀವೇ ಆರ್‌ಟಿಒಗೆ ತಿಳಿಸಿ. ರಾಜ್ಯದೊಳಗಾದರೆ 14 ದಿನದ ಗಡುವು. ಕೊಟ್ಟ ದಿನ, ಗಂಟೆ ಸಮೇತ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿ. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ನಿಮ್ಮದೇ, ಕಾರಿನ ಜೊತೆ ಹೋಗುವುದಿಲ್ಲ.

ಟೆಸ್ಟ್ ಡ್ರೈವ್‌ಗೆ ಕೂಡಲೇ ಕೀ ಕೊಡಬೇಡಿ. ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಓಡಿಸಿ. ಅವರು ಇಂಥ ಕಾರು ಮುಂಚೆ ಓಡಿಸಿದ್ದಾರಾ ಅಂತಲೂ ಕೇಳಿ, ನಾಚಿಕೆ ಬೇಡ. ಕಾರಿನ ದೋಷಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಿ. ಬೆಲೆ ಸ್ವಲ್ಪ ಇಳಿಯುತ್ತದೆ, ರಾತ್ರಿ ಫೋನ್ ಬರುವುದು ನಿಲ್ಲುತ್ತದೆ.

ಕೂಡಿಟ್ಟರೆ ಬೆಲೆ ಏರುತ್ತದಂತೆ, ಅಡಿಕೆ ತೋಟಕ್ಕಿಂತ ಲಾಭವಂತೆ?

ಕೆಲವು ಏರಿವೆ, ಮುಖ್ಯವಾಗಿ ಕಮ್ಮಿ ತಯಾರಾದವು. ಕ್ಯಾರೆರಾ ಜಿಟಿ ಒಟ್ಟು ಆಗಿದ್ದು 1,270. ನಮ್ಮ ನಿಮ್ಮ ಕೈಗೆ ಸಿಗುವ ಕಾರು ಆ ಪೈಕಿ ಅಲ್ಲ. ನನ್ನ ಕಾರಿಗೆ ಖರ್ಚು ಮಾಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮನೆಯವರ ಕೈಗೆ ಸಿಕ್ಕಿದ ಮೇಲೆ ಬರೆಯುವುದು ಬಿಟ್ಟೆ.

ವಿಂಟೇಜ್ ನಂಬರ್ ಪ್ಲೇಟ್ ಯಾವ ಕಾರಿಗೆ?

2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ನಂಬರಿನಲ್ಲಿ ವಿಎ ಅಂತ ಬರುತ್ತದೆ, ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಅದರಲ್ಲಿ ದಿನಾ ಓಡಾಡುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಷ್ಟಕ್ಕೇ. ಮೇಲೆ ಹೇಳಿದ 1975ರ ಟರ್ಬೊ ಈಗ ಆ ವಯಸ್ಸಿಗೆ ಬಂದಿದೆ. ವಿಧವೆ ಮಾಡುವ ಕಾರಿಗೆ ಅಜ್ಜನ ಪಿಂಚಣಿ.

ಇನ್ಶೂರೆನ್ಸ್?

ಐದು ವರ್ಷ ದಾಟಿದ ಕಾರಿನ ಐಡಿವಿ, ಅಂದರೆ ಕಾರು ಪೂರ್ತಿ ಹೋದರೆ ಸಿಗುವ ಬೆಲೆ, ನೀವೂ ಕಂಪನಿಯೂ ಮಾತಾಡಿ ಒಪ್ಪಿಕೊಳ್ಳುವ ಅಂಕಿ. ಕಂಪ್ಯೂಟರ್ ತೋರಿಸಿದ್ದಕ್ಕೆ ತಲೆಯಾಡಿಸಬೇಡಿ, ಬಿಲ್ಲು, ಫೋಟೋ ಕೊಟ್ಟು ಕೇಳಿ. ರೇಸು, ಸ್ಪೀಡ್ ಟೆಸ್ಟಿನಲ್ಲಿ ಆದ ಹಾನಿಗೆ ಪಾಲಿಸಿ ಬರುವುದಿಲ್ಲ.

ಹಾಗಾದರೆ ಇದನ್ನು ಜೋರಾಗಿ ಓಡಿಸುವುದು ಎಲ್ಲಿ?

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಇಲ್ಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕು. ಹೇಳಿಕೊಡುವವರು ಪಕ್ಕದಲ್ಲಿ ಕೂರುವ ಕ್ಲಾಸು ಸಿಕ್ಕಿದರೆ, ಹೊಸ ಸೈಲೆನ್ಸರಿಗೆ ಇಟ್ಟ ದುಡ್ಡನ್ನು ಅದಕ್ಕೆ ಹಾಕಿ. ಒದ್ದೆ ಟ್ರ್ಯಾಕಿನಲ್ಲಿ ಕಾಲು ಎತ್ತಿ, ಬೇಕೆಂದೇ ತಿರುಗಿಸಿಕೊಂಡು ನೋಡಿ. ಅಲ್ಲಿ ಎದುರಿಗೆ ಬಸ್ಸು ಬರುವುದಿಲ್ಲ.

ಇಲ್ಲಿನ ರಸ್ತೆಯಲ್ಲಿ ಓಡಿಸಲೇಬಾರದಾ?

ಯಾಕೆ ಬಾರದು. ನವೆಂಬರಿನಿಂದ ಫೆಬ್ರವರಿ, ಬೆಳಿಗ್ಗೆ ಮಂಜು ಎದ್ದ ಮೇಲೆ. ನನಗೆ ಇಷ್ಟ ತೀರ್ಥಹಳ್ಳಿ ರಸ್ತೆ, ಒಂದು ಕಡೆ ತುಂಗೆ, ಮಂಡಗದ್ದೆಯವರೆಗೆ ಕಾಡಿನ ನೆರಳು. ನೆರಳಿದ್ದಲ್ಲಿ ರಸ್ತೆ ಒಣಗಿರುವುದಿಲ್ಲ ಅನ್ನೋದು ನೆನಪಿರಲಿ. ಸಕ್ರೆಬೈಲು ಆನೆ ಬಿಡಾರದ ಹತ್ತಿರ ಬೆಳಗಿನ ಹೊತ್ತು ಜನ, ಬಸ್ಸು, ಒಮ್ಮೊಮ್ಮೆ ಆನೆ. ಘಾಟಿಯಲ್ಲಿ ಹತ್ತುವವರಿಗೆ ದಾರಿ ಬಿಡಿ, ಅದು ನಿಯಮವೂ ಹೌದು. ಹತ್ತುವ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಒಂದನ್ನೇ ನಂಬಿದರೆ ಕಾದು ಕೈಕೊಡುತ್ತದೆ. ಊರೂರಿನ ಹಂಪ್ ಬಂದಾಗ ಓರೆಯಾಗಿ ಹತ್ತಿಸಿ, ಒಂದೊಂದೇ ಚಕ್ರ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಒಂದು ರೌಂಡ್ ಕೊಡುತ್ತೀರಾ?

ಕೊಡುತ್ತೇನೆ. ಭಾನುವಾರ ಬೆಳಿಗ್ಗೆ 7ಕ್ಕೆ, ಮಳೆ ಇಲ್ಲದಿದ್ದರೆ, ಗಾಜನೂರಿನವರೆಗೆ. ಪಕ್ಕದ ಸೀಟು, ಬೆಲ್ಟ್ ಹಾಕಿಕೊಂಡು. ತೋಟದ ಕಡೆಯಿಂದ ಬರುವವರು ಕಾಲಿಗೆ ಉಂಬಳ (ಜಿಗಣೆ) ಹತ್ತಿದೆಯಾ ನೋಡಿಕೊಂಡು ಬನ್ನಿ. ಹೋದ ಸಲದ್ದು ಇನ್ನೂ ಸಿಕ್ಕಿಲ್ಲ.